ಅಪ್ಪನ ಚಪ್ಪಲಿ ಹೊರಗಿಡಿ

ಓದುಗರೊಬ್ಬರ ಪತ್ರ: "ಅಪ್ಪನಿಗೆ 64 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್, ಮೂರನೇ ಹಂತ. ಆಪರೇಷನ್ ಆಗಿ, ಕೀಮೋ ಮುಗಿದು ಮೂರು ತಿಂಗಳಾಯಿತು. ನೀವು ನಡಿಗೆಯ ಬಗ್ಗೆ ಬರೆದದ್ದನ್ನು ಓದಿ ದಿನಾ ಬೆಳಿಗ್ಗೆ ಹೊರಡುತ್ತೇನೆ ಎಂದು ಹಟ ಹಿಡಿದಿದ್ದಾರೆ. ನಾನು ಚಪ್ಪಲಿ ಬಚ್ಚಿಟ್ಟಿದ್ದೇನೆ. ದಯವಿಟ್ಟು ರೋಗಿಗಳಿಗೆ ಇಲ್ಲದ ಆಸೆ ಹುಟ್ಟಿಸಬೇಡಿ."

ತಾಯಿ, ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ನಡೆದರೆ ಗಡ್ಡೆ ಕರಗುತ್ತದೆ ಎಂದು ವಾಟ್ಸ್ಯಾಪಿನಲ್ಲಿ ಹಂಚುವವರನ್ನು ಕಂಡರೆ ನನಗೂ ಆಗುವುದಿಲ್ಲ. ರೋಗ ಮೂಳೆಗೆ ಹರಡಿದವರು, ಪ್ಲೇಟ್‌ಲೆಟ್ ಇಳಿದವರು ಡಾಕ್ಟರನ್ನು ಕೇಳದೆ ಹೊರಡಬಾರದು. ಇಷ್ಟು ಹೇಳಿದೆನಲ್ಲ, ಇನ್ನು ನಾನು ನಿಮ್ಮಪ್ಪನ ಪಾರ್ಟಿ.

2025ರ ಜೂನ್‌ನಲ್ಲಿ ಕೆನಡಾ, ಆಸ್ಟ್ರೇಲಿಯಾದ ವೈದ್ಯರು ಮುಂದಾಗಿ ನಡೆಸಿದ 'ಚಾಲೆಂಜ್' ಪ್ರಯೋಗದ ಫಲಿತಾಂಶ ಹೊರಬಿತ್ತು. ಅದರಲ್ಲಿದ್ದ 889 ಜನರೂ ನಿಮ್ಮಪ್ಪನಂಥವರೇ: ಕರುಳಿನ ಕ್ಯಾನ್ಸರ್, ಆಪರೇಷನ್, ಕೀಮೋ ಎಲ್ಲ ಮುಗಿಸಿದವರು. ಅರ್ಧ ಜನಕ್ಕೆ ಮೂರು ವರ್ಷ ವ್ಯಾಯಾಮ. ಮೊದಲ ಆರು ತಿಂಗಳು ಹದಿನೈದು ದಿನಕ್ಕೊಮ್ಮೆ ತರಬೇತುದಾರರ ಎದುರು ಹಾಜರಿ. ಇನ್ನರ್ಧ ಜನಕ್ಕೆ ಆರೋಗ್ಯದ ಪುಸ್ತಿಕೆ. ಎಂಟು ವರ್ಷಕ್ಕೆ ವ್ಯಾಯಾಮದವರಲ್ಲಿ ಬದುಕುಳಿದವರು ಶೇ. 90.3, ಪುಸ್ತಿಕೆಯವರಲ್ಲಿ ಶೇ. 83.2. ರೋಗ ಮರುಕಳಿಸದೆ ಐದು ವರ್ಷ ದಾಟಿದವರು ಶೇ. 80.3 ಮತ್ತು 73.9. ಮೂವತ್ತು ವರ್ಷದಿಂದ ಅಚ್ಚು ಹಾಕಿಸುತ್ತಿರುವ ನನಗೆ ಹೇಳಿಕೊಳ್ಳಲು ನಾಚಿಕೆ, ಸೋತದ್ದು ಪುಸ್ತಿಕೆ! ಓದಿದ್ದಕ್ಕೇ ಎದ್ದು ಹೊರಟ ನಿಮ್ಮಪ್ಪ ಅಪರೂಪದ ಓದುಗರು. ಅಂಥವರ ಚಪ್ಪಲಿ ಬಚ್ಚಿಡುತ್ತೀರಲ್ಲ!

ಆ ವ್ಯಾಯಾಮವಾದರೂ ಎಷ್ಟು? ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿರುಸು ನಡಿಗೆ, ವಾರಕ್ಕೆ ಮೂರು ನಾಲ್ಕು ದಿನ, ಅಷ್ಟೆ. ಕೈಕಾಲು, ಕೀಲು ನೋವು ವ್ಯಾಯಾಮದವರಲ್ಲಿ ತುಸು ಹೆಚ್ಚಿತ್ತು, ಅದನ್ನು ಮುಚ್ಚಿಡುವುದಿಲ್ಲ. ಈ ಲೆಕ್ಕ ಚಿಕಿತ್ಸೆ ಮುಗಿಸಿದವರದು ಎನ್ನುವುದನ್ನೂ ಮರೆಯಬೇಡಿ. ಈಗಾಗಲೇ ಹರಡಿರುವ ಕ್ಯಾನ್ಸರನ್ನು ನಡಿಗೆ ತಡೆಯುತ್ತದೆ ಎಂಬುದಕ್ಕೆ ಇಂಥ ಗಟ್ಟಿ ಸಾಕ್ಷಿ ಇಲ್ಲ. ಆದರೆ ಹರಡಿದ ಸ್ತನ ಕ್ಯಾನ್ಸರಿನ ಹೆಂಗಸರ ಮೇಲೆ ಯುರೋಪು, ಆಸ್ಟ್ರೇಲಿಯಾಗಳಲ್ಲಿ ನಡೆದ ಪ್ರಯೋಗದಲ್ಲಿ ವ್ಯಾಯಾಮದಿಂದ ಸುಸ್ತು ತಗ್ಗಿತು. ಆ ಸುಸ್ತು ಎಂಥದೆಂದು ಕೀಮೋ ತೆಗೆದುಕೊಂಡವರನ್ನು ಕೇಳಿ. 2016ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನ ಸಂಶೋಧಕರು ಇಲಿಗಳ ಗೂಡಿನಲ್ಲಿ ಚಕ್ರ ಇಟ್ಟರು. ಯಾರ ಬಲವಂತವೂ ಇಲ್ಲದೆ ಓಡಿದ ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ಶೇ. 60ಕ್ಕಿಂತ ಹೆಚ್ಚು ಕುಗ್ಗಿತ್ತು. ಇಲಿ ಮನುಷ್ಯನಲ್ಲ, ಒಪ್ಪಿದೆ.

ನಮ್ಮ ಸೋದರತ್ತೆಯನ್ನು ನಾವೇ ಮಲಗಿಸಿದೆವು. ಸ್ತನದ ಆಪರೇಷನ್ ಆಗಿತ್ತು. ಡಿಸ್ಚಾರ್ಜ್ ಕಾಗದದಲ್ಲಿ ಎಂಟು ಮಾತ್ರೆಗಳ ಹೆಸರು, ಕೊನೆಗೆ 'ರೆಸ್ಟ್' ಎಂದೊಂದು ಪದ. ಎಷ್ಟು ದಿನ ಎಂದು ಡಾಕ್ಟರೂ ಬರೆಯಲಿಲ್ಲ, ನಾವೂ ಕೇಳಲಿಲ್ಲ. ನೋಡಲು ಬಂದವರೆಲ್ಲ ಎಳನೀರು, ಗ್ಲೂಕೋಸ್ ಬಿಸ್ಕತ್ತು ಮಂಚದ ಪಕ್ಕ ಇಟ್ಟು, "ಏಳ್ಬೇಡಿ, ಏಳ್ಬೇಡಿ" ಎನ್ನುತ್ತಿದ್ದರು. ಹಪ್ಪಳ ಒಣಹಾಕಲು ತಾರಸಿ ಹತ್ತುತ್ತಿದ್ದ ಅತ್ತೆ ಐದು ತಿಂಗಳಲ್ಲಿ ಬಚ್ಚಲಿಗೆ ಹೋಗಲು ಗೋಡೆ ಹಿಡಿಯುವಂತಾದರು. ಅದನ್ನು ಕ್ಯಾನ್ಸರ್ ಮಾಡಿತು ಎಂದೇ ನಾವು ತಿಳಿದಿದ್ದೆವು. ಆಮೇಲೆ ಅಮೆರಿಕದ ಡಲ್ಲಾಸ್‌ನ ಸಂಗತಿ ಓದಿದೆ. 1966ರಲ್ಲಿ ಐವರು ಆರೋಗ್ಯವಂತ ಹುಡುಗರನ್ನು ಅಲ್ಲಿ ಬರೀ ಇಪ್ಪತ್ತು ದಿನ ಮಲಗಿಸಿದ್ದರು. ಮೂವತ್ತು ವರ್ಷ ಬಿಟ್ಟು ಅವರನ್ನೇ ಮತ್ತೆ ಪರೀಕ್ಷಿಸಿದಾಗ, ಮೂವತ್ತು ವರ್ಷ ವಯಸ್ಸಾದದ್ದಕ್ಕಿಂತ ಆ ಮೂರು ವಾರದ ಹಾಸಿಗೆಯೇ ಅವರ ದಮ್ಮನ್ನು ಹೆಚ್ಚು ಕುಗ್ಗಿಸಿತ್ತು ಎಂದು ಕಂಡಿತು. ಅತ್ತೆಯದು ಐದು ತಿಂಗಳು.

ನಡಿಗೆಗೆ ಮೆಡಿಕಲ್ ರೆಪ್ ಇಲ್ಲ, ನಮ್ಮ ಪತ್ರಿಕೆಗೆ ಅದರ ಜಾಹೀರಾತೂ ಬರುವುದಿಲ್ಲ. ಇನ್ನು ನಡೆಯಲು ಜಾಗವಾದರೂ ಎಲ್ಲಿ? ನಮ್ಮ ಕಚೇರಿ ಮುಂದಿನ ಫುಟ್‌ಪಾತಿನ ಮೇಲೆ ಟ್ರಾನ್ಸ್‌ಫಾರ್ಮರ್, ಅದರ ಬುಡದಲ್ಲಿ ಕಸ, ಪಕ್ಕದಲ್ಲಿ ಎರಡು ಸ್ಕೂಟರ್. ಪಾರ್ಕಿಗೆ ಒಂಬತ್ತೂವರೆಗೇ ಬೀಗ. ಕೀಮೋ ಆದವರು ಎಳೆ ಬಿಸಿಲು ಏರುವ ತನಕ ಏಳಲಾರರು ಎಂದು ಬೀಗದವನಿಗೆ ಯಾರು ಹೇಳಬೇಕು?

ಮುಂದಿನ ಸಲ ಚೆಕಪ್‌ಗೆ ಹೋದಾಗ ಡಾಕ್ಟರನ್ನು "ನಡೀಬಹುದಾ" ಎಂದು ಕೇಳಬೇಡಿ, "ಎಷ್ಟು ನಡೀಬೇಕು" ಎಂದು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಅವರು ಹೂಂ ಎಂದರೆ ಮೊದಲ ವಾರ ಹಾಲಿನ ಬೂತಿನವರೆಗೆ ಸಾಕು. ಜೊತೆಗೆ ನೀವೂ ಹೋಗಿ. ಹಾಂ, ಆ ಚಪ್ಪಲಿ ಬೇಡ, ಜಾರುತ್ತದೆ. ಒಂದು ಜೊತೆ ಕ್ಯಾನ್ವಾಸ್ ಶೂ ಕೊಡಿಸಿ.

— ಸಂ.