ಚಕ್ರ ಮುರಿದ ಟ್ರಾಲಿ ಬಿಟ್ಟು ಯಾವ ಪರಿಸರಸ್ನೇಹಿ ಬ್ಯಾಗ್ ಕೊಳ್ಳಲಿ?

ತಿಂಗಳಿಗೆರಡು ಸಲ ಬೆಂಗಳೂರು–ಉಡುಪಿ ಬಸ್ಸು, ವರ್ಷಕ್ಕೊಂದೆರಡು ವಿಮಾನ, ಒಂದು ಚಕ್ರ ಹೋದ ಟ್ರಾಲಿ, ಎದುರಿಗೆ ವೀಗನ್ ಲೆದರ್ (ಪ್ರಾಣಿಗಳ ಚರ್ಮವಲ್ಲದ ಕೃತಕ ಚರ್ಮ), ಸೆಣಬು, ಮರುಬಳಕೆಯ ಪಾಲಿಯೆಸ್ಟರ್. ಇವುಗಳಲ್ಲಿ ಯಾವುದನ್ನು ಕೊಳ್ಳಲಿ ಎಂಬ ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ಇದು ನನ್ನದೇ ಅನ್ನಿಸಿತು. ನಾನು ಟ್ರಾಲಿಯನ್ನು ಗುಜರಿಗೆ ಹಾಕಿ ವೀಗನ್ ಲೆದರ್ ಬ್ಯಾಗ್ ಕೊಂಡೆ. ಎರಡನೇ ಮಳೆಗಾಲ ಮುಗಿದ ಮೇಲೆ ಅಟ್ಟದಿಂದ ಇಳಿಸಿದರೆ ಹಿಡಿಕೆ ಅಂಗೈಗೆ ಅಂಟಿತು. ಮೂಲೆಯನ್ನು ಬೆರಳಿನಿಂದ ಉಜ್ಜಿದೆ, ಕಂದು ಪದರ ಹಾವಿನ ಪೊರೆಯ ಹಾಗೆ ಕಳಚಿ ಬಂತು. ಅದರಡಿ ಇದ್ದದ್ದು ಬರೀ ಬಿಳಿ ಪಾಲಿಯೆಸ್ಟರ್ ಬಟ್ಟೆ.

ಯಾಕೆ ಹಾಗಾಯಿತು ಎಂದು ಬಿಡಿಸಿ ಹೇಳುತ್ತೇನೆ. ನೀವು ಯಾವ ಬ್ಯಾಗ್ ಕೊಂಡರೂ ಇದು ಗೊತ್ತಿರಬೇಕು.

ವೀಗನ್ ಲೆದರ್ ಎಂದು ಮಾರುವ ಬಹುಪಾಲು ಸರಕಿನಲ್ಲಿ ಒಳಗೆ ಪಾಲಿಯೆಸ್ಟರ್ ಬಟ್ಟೆ, ಮೇಲೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಲೇಪ ಇರುತ್ತದೆ. ಹಿಂದಿನ ರೆಕ್ಸಿನ್‌ನಲ್ಲಿ ಈ ಲೇಪದ ಜಾಗದಲ್ಲಿ ಪಿವಿಸಿ ಇರುತ್ತಿತ್ತು. ಅಗ್ಗದ ಪಾಲಿಯುರೆಥೇನ್‌ನಲ್ಲಿರುವ ಎಸ್ಟರ್ ಎಂಬ ರಾಸಾಯನಿಕ ಕೊಂಡಿಗಳನ್ನು ಗಾಳಿಯ ತೇವವೇ ಕತ್ತರಿಸುತ್ತದೆ. ಇದಕ್ಕೆ ಹೈಡ್ರಾಲಿಸಿಸ್ ಎನ್ನುತ್ತಾರೆ. ಒಂದೊಂದು ಕೊಂಡಿ ತುಂಡಾದಾಗಲೂ ಅಲ್ಲಿ ಆಮ್ಲ ಹುಟ್ಟುತ್ತದೆ, ಆ ಆಮ್ಲ ಪಕ್ಕದ ಕೊಂಡಿಗಳನ್ನು ಇನ್ನೂ ಬೇಗ ತುಂಡರಿಸುತ್ತದೆ. ಅದಕ್ಕೇ ಒಂದೂವರೆ ವರ್ಷ ಏನೂ ಆಗದಂತೆ ಕಂಡ ಬ್ಯಾಗು ಮೂರು ತಿಂಗಳಲ್ಲಿ ಪೂರ್ತಿ ಸಿಪ್ಪೆ ಏಳುತ್ತದೆ. ಶಾಖ ಸೇರಿದರೆ ಕೆಲಸ ಮತ್ತೂ ಚುರುಕು. ಕರಾವಳಿಯ ಹೆಂಚಿನ ಮನೆಯ ಅಟ್ಟದಲ್ಲಿ ಮಾರ್ಚ್‌ನಿಂದ ಮೇವರೆಗೆ ಕಾವು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ. ಆ ಲೇಪಕ್ಕೆ ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಬ್ಯಾಗನ್ನು ಬಳಸದೆ ಜೋಪಾನ ಮಾಡಿದರೂ ಪ್ರಯೋಜನವಿಲ್ಲ, ಇಟ್ಟಲ್ಲೇ ಕೆಡುತ್ತದೆ. ಒಮ್ಮೆ ಅಂಟು ಶುರುವಾದ ಮೇಲೆ ಪಾಲಿಶ್, ಎಣ್ಣೆ, ಗೋಂದು ಯಾವುದೂ ಹಿಡಿಯುವುದಿಲ್ಲ. ಬಟ್ಟೆ ಮತ್ತು ಲೇಪವನ್ನು ಬೇರ್ಪಡಿಸಲು ಆಗದ ಕಾರಣ ಗುಜರಿಯವರೂ ಮುಟ್ಟುವುದಿಲ್ಲ.

ಬಹಳ ದಿನ ಮೂಲೆಯಲ್ಲಿಟ್ಟ ಶೂಗಳ ಅಟ್ಟೆ ಪುಡಿಯಾಗುವುದಕ್ಕೂ, ಬ್ಯಾಗಿನ ರೇನ್ ಕವರ್ ಒಳಗಡೆ ಅಂಟಂಟಾಗಿ ಬಿಳಿ ಚೂರು ಉದುರುವುದಕ್ಕೂ, ಕೆಲವು ಟ್ರಾಲಿಗಳ ಚಕ್ರದ ಮೆತ್ತನೆಯ ಹೊರಪದರ ಒಡೆಯುವುದಕ್ಕೂ ಇದೇ ಕಾರಣ. ನಿಮ್ಮ ಚಕ್ರವೂ ಹಾಗೇ ಹೋಗಿರಬಹುದು. ಅನಾನಸ್ ಎಲೆ, ಕಳ್ಳಿ, ಸೇಬಿನ ಸಿಪ್ಪೆಯ ಚರ್ಮ ಎಂಬ ಹೆಸರು ಕಂಡು ನೆಮ್ಮದಿಪಡಬೇಡಿ. ಅವುಗಳಲ್ಲೂ ಬಹುತೇಕವಕ್ಕೆ ಪಾಲಿಯುರೆಥೇನ್ ಅಥವಾ ಇನ್ನೊಂದು ರಾಳದ ಲೇಪ ಬೇಕೇ ಬೇಕು.

ಹಾಗಾದರೆ ಸೆಣಬು? ನೆನೆದರೆ ಅದರ ಬಲ ಕುಗ್ಗುತ್ತದೆ, ಎರಡು ದಿನ ಚಂಡಿಯಾಗಿಯೇ ಉಳಿದರೆ ಬೂಷ್ಟು ಹಿಡಿಯುತ್ತದೆ. ನೀರು ತಡೆಯಲೆಂದು ಒಳಗೆ ಪ್ಲಾಸ್ಟಿಕ್ ಅಂಟಿಸಿದ ಸೆಣಬು ಮಣ್ಣಿಗೂ ಸೇರದು, ಮರುಬಳಕೆಗೂ ಆಗದು. ಹತ್ತಿಯ ಲೆಕ್ಕವೂ ನಾವಂದುಕೊಂಡ ಹಾಗಿಲ್ಲ. ಡೆನ್ಮಾರ್ಕ್ ಸರ್ಕಾರದ ಪರಿಸರ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಕೈಚೀಲಗಳ ಅಧ್ಯಯನದ ಪ್ರಕಾರ, ತೆಳು ಪ್ಲಾಸ್ಟಿಕ್ ಚೀಲಕ್ಕೆ ಹೋಲಿಸಿದರೆ ಹತ್ತಿಯ ಚೀಲವನ್ನು ಹವಾಮಾನದ ಒಂದೇ ದೃಷ್ಟಿಯಿಂದ 52 ಸಲ, ಯಾವ ಬಗೆಯ ಪರಿಸರ ಹಾನಿಯಲ್ಲೂ ಪ್ಲಾಸ್ಟಿಕ್ಕಿಗಿಂತ ಕೆಡುಕಾಗದಿರಲು 7,100 ಸಲ ಬಳಸಬೇಕು. ಹತ್ತಿ ಬೆಳೆಯಲು ನೀರು, ಗೊಬ್ಬರ ಬಹಳ ಖರ್ಚಾಗುತ್ತದೆ. ಮರುಬಳಕೆಯ ಪಾಲಿಯೆಸ್ಟರ್ ಮೂರರಲ್ಲಿ ವಾಸಿ, ಆದರೆ ಆ ಪದ ಹೇಳುವುದು ನೂಲು ಎಲ್ಲಿಂದ ಬಂತು ಎಂಬುದನ್ನು ಮಾತ್ರ. ಜಿಪ್ಪು, ಫೋಮ್, ಬಕಲ್ ಸೇರಿದ ಬ್ಯಾಗು ಮತ್ತೆ ಬಟ್ಟೆಯಾಗುವುದು ತೀರಾ ಅಪರೂಪ.

ಹಾಗಾಗಿ ಯಾವುದನ್ನೂ ಕೊಳ್ಳಬೇಡಿ, ಟ್ರಾಲಿಯನ್ನೇ ರಿಪೇರಿ ಮಾಡಿಸಿ ಎನ್ನುವುದು ನನ್ನ ಉತ್ತರ. ತಯಾರಾಗಿ ನಿಮ್ಮ ಮನೆಯಲ್ಲಿರುವ ಬ್ಯಾಗನ್ನು ಇನ್ನೂ ಎಂಟು ವರ್ಷ ಎಳೆದರೆ ಆಗುವ ಉಳಿತಾಯಕ್ಕೆ ಯಾವ ಹೊಸ ಬ್ಯಾಗಿನ ‘ಪರಿಸರಸ್ನೇಹಿ’ ಚೀಟಿಯೂ ಸಮನಲ್ಲ.

ಎರಡೇ ಚಕ್ರದ ಟ್ರಾಲಿಯಾದರೆ ಚಕ್ರದ ನಡುವೆ ಒಂದು ಅಚ್ಚು, ಎರಡೂ ತುದಿಗೆ ರಿವಿಟ್ ಇರುತ್ತದೆ. ಚಕ್ರಕ್ಕೂ ಅದರ ಗೂಡಿಗೂ ನಡುವಿನ ಸಂದಿಯಲ್ಲಿ ಹ್ಯಾಕ್ಸಾ ಬ್ಲೇಡ್ ತೂರಿಸಿ ಅಚ್ಚನ್ನು ಕತ್ತರಿಸಿ. ಚಕ್ರದ ವ್ಯಾಸ, ಅಗಲ, ಅಚ್ಚಿನ ದಪ್ಪ ಮೂರನ್ನೂ ಮಿಲಿಮೀಟರಿನಲ್ಲಿ ಅಳೆಯಿರಿ. ಅಚ್ಚು ಸಾಮಾನ್ಯವಾಗಿ 6 ಮಿ.ಮೀ. ಇರುತ್ತದೆ. ಅಂಗಡಿಗೆ ಹೋಗುವಾಗ ಹಳೇ ಚಕ್ರವನ್ನೂ ಜೇಬಿಗೆ ಹಾಕಿಕೊಳ್ಳಿ. ಹೊಸದನ್ನು ಬೋಲ್ಟ್, ಎರಡು ವಾಷರ್, ನೈಲಾನ್ ಉಂಗುರವಿರುವ ಲಾಕ್ ನಟ್ ಹಾಕಿ ಕೂರಿಸಿ, ಪೂರ್ತಿ ಬಿಗಿದು ಕಾಲು ಸುತ್ತು ಸಡಿಲಿಸಿ. ಮಾಮೂಲಿ ನಟ್ ಹಾಕಿದರೆ ಬಸ್‌ಸ್ಟ್ಯಾಂಡಿನ ಕುಲುಕಾಟಕ್ಕೆ ಕಳಚಿ ಬೀಳುತ್ತದೆ. ನಾಲ್ಕು ಚಕ್ರದ್ದಾದರೆ ಒಳಗಿನ ಲೈನಿಂಗ್ ಜಿಪ್ಪು ತೆರೆಯಿರಿ, ಮೂಲೆಯಲ್ಲಿ ಮೂರೋ ನಾಲ್ಕೋ ಸ್ಕ್ರೂ ಸಿಗುತ್ತವೆ, ಗೂಡು ಸಮೇತ ಬದಲಾಯಿಸಬಹುದು. ಒಂದನ್ನೇ ಬದಲಿಸಬೇಡಿ, ಜೋಡಿಯಾಗಿ ಹಾಕಿಸಿ. ಸವೆದ ಚಕ್ರದ ಪಕ್ಕ ಹೊಸದು ಬಂದರೆ ಟ್ರಾಲಿ ಒಂದು ಕಡೆಗೆ ವಾಲುತ್ತದೆ, ಹೊಸದರ ಮೇಲೆ ಹೊರೆ ಬಿದ್ದು ಅದೂ ಬೇಗ ಹೋಗುತ್ತದೆ.

ಜಿಪ್ಪು ಎಳೆದ ಮೇಲೂ ಹಿಂದಿನಿಂದ ಬಾಯಿ ಬಿಡುತ್ತಿದ್ದರೆ ಕೆಟ್ಟಿರುವುದು ಸಾಮಾನ್ಯವಾಗಿ ರನ್ನರ್, ಹಲ್ಲುಗಳಲ್ಲ. ರನ್ನರ್‌ನ ಹಿಂಬದಿಯ ಎರಡು ಪಕ್ಕಗಳನ್ನು ಇಕ್ಕಳದಿಂದ ಒಂದೊಂದೇ ಸಲ ಮೆಲ್ಲಗೆ ಒತ್ತಿ, ಪ್ರತಿ ಸಲ ಎಳೆದು ನೋಡಿ. ಆಗಲಿಲ್ಲವೆಂದರೆ ಅದರ ಬೆನ್ನಿನ ಮೇಲಿರುವ 5, 8 ಅಥವಾ 10 ಎಂಬ ಸಂಖ್ಯೆ ನೋಡಿ ಅದೇ ಅಳತೆಯ ರನ್ನರ್ ತನ್ನಿ. ಚಪ್ಪಲಿ, ಬ್ಯಾಗ್ ಹೊಲಿಯುವವರು ಹತ್ತು ನಿಮಿಷದಲ್ಲಿ ಹಾಕಿಕೊಡುತ್ತಾರೆ. ಇದಕ್ಕಾಗಿ ಪೂರ್ತಿ ಜಿಪ್ಪು ಬದಲಿಸುವುದು ದುಡ್ಡು ದಂಡ.

ಈಗ ಒಳಗಿನ ಸಾಮಾನು. ಉಡುಪಿ ನಿಮ್ಮ ಮನೆಯೇ ಆದರೆ ಬಟ್ಟೆ ಹೊರುವುದನ್ನೇ ನಿಲ್ಲಿಸಿ. ಎರಡು ಜೊತೆ ಬಟ್ಟೆ, ಚಪ್ಪಲಿ, ಹಲ್ಲುಜ್ಜುವ ಬ್ರಶ್, ಇನ್ನೊಂದು ಚಾರ್ಜರ್ ಅಲ್ಲೇ ಇರಲಿ. ಹೋಗುವಾಗ ಬೆನ್ನಿಗೊಂದು ಸಣ್ಣ ಬ್ಯಾಗು ಸಾಕು. ಭಾರ ಬರುವುದು ವಾಪಸ್ ಬರುವಾಗ: ಐದು ಕೆಜಿ ಕುಚ್ಚಲಕ್ಕಿ, ನಾಲ್ಕು ತೆಂಗಿನಕಾಯಿ, ಹಪ್ಪಳ, ಉಪ್ಪಿನಕಾಯಿ. ಅದಕ್ಕೆ ಮಡಚಿ ಒಯ್ಯುವ ದಪ್ಪ ಬಟ್ಟೆಯ ಚೀಲ ಇಟ್ಟುಕೊಳ್ಳಿ. ಮನೆಯಲ್ಲಿ ಈಗಾಗಲೇ ಇರುವ ಚೀಲವೇ ಆಗಲಿ, ಇರುವುದನ್ನೇ ಬಳಸಿದಷ್ಟೂ 7,100 ಸಲದ ಲೆಕ್ಕಕ್ಕೆ ಹತ್ತಿರವಾಗುತ್ತೀರಿ. ಮಳೆಗಾಲದಲ್ಲಿ ಬಸ್ಸಿನ ಡಿಕ್ಕಿಯ ನೆಲ ಒದ್ದೆಯಾಗಿರುತ್ತದೆ. ರೇನ್ ಕವರ್ ಬೆನ್ನಿನ ಬದಿಯನ್ನು ಮುಚ್ಚುವುದಿಲ್ಲ, ನೀರು ಅಲ್ಲಿಂದಲೇ ಒಳಗಿಳಿಯುತ್ತದೆ. ಬದಲಿಗೆ ಬ್ಯಾಗಿನ ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು ಬಟ್ಟೆಯನ್ನು ಅದರೊಳಗೆ ತುಂಬಿ, ಬಾಯಿ ತಿರುಚಿ ಒಳಕ್ಕೆ ಮಡಚಿ.

ದೇಶದೊಳಗಿನ ವಿಮಾನಗಳ ಇಕಾನಮಿಯಲ್ಲಿ ಕೈಸಾಮಾನಿಗೆ ಸಾಮಾನ್ಯವಾಗಿ ಒಂದೇ ಬ್ಯಾಗು, 7 ಕೆಜಿ, ಮೂರೂ ಅಳತೆ ಕೂಡಿ 115 ಸೆಂ.ಮೀ. ಗಟ್ಟಿ ಚಿಪ್ಪಿನ ಸಣ್ಣ ಟ್ರಾಲಿಯೇ 2.5ರಿಂದ 3 ಕೆಜಿ ತೂಗುತ್ತದೆ, 35 ಲೀಟರ್‌ನ ಬೆನ್ನಿನ ಬ್ಯಾಗು ಸುಮಾರು 1 ಕೆಜಿ. ಕೈಸಾಮಾನು ಮಾತ್ರ ಒಯ್ಯುವ ವಿಮಾನ ಪ್ರಯಾಣಕ್ಕೆ ಟ್ರಾಲಿ ಬಿಡಿ. ಇನ್ನು ಮೂರು ವಸ್ತುಗಳ ತೂಕ ನೋಡಿದರೆ ಸಾಕು. ಜೀನ್ಸ್ 600ರಿಂದ 800 ಗ್ರಾಂ, ಅದನ್ನು ಹಾಕಿಕೊಂಡೇ ಹೋಗಿ, ಬ್ಯಾಗಿಗೆ ತೆಳು ಹತ್ತಿ ಪ್ಯಾಂಟ್ ಒಂದೇ. ಶೂ ಕಾಲಲ್ಲಿರಲಿ. ಟರ್ಕಿ ಟವೆಲ್ ಅರ್ಧ ಕೆಜಿ ಹತ್ತಿರ ತೂಗುತ್ತದೆ, ಮಳೆಗಾಲದಲ್ಲಿ ರಾತ್ರಿಯಿಡೀ ಒಣಗುವುದಿಲ್ಲ. ನಮ್ಮ ತೆಳು ಹತ್ತಿಯ ಟವೆಲ್ ಬೈರಾಸು ಸುಮಾರು 150 ಗ್ರಾಂ, ಫ್ಯಾನಿನ ಕೆಳಗೆ ಎರಡು ಗಂಟೆಯಲ್ಲಿ ಒಣಗುತ್ತದೆ. ತೊಳೆದ ಅಂಗಿಯನ್ನು ಅದರೊಳಗೆ ಸುರುಳಿ ಸುತ್ತಿ ಬಿಗಿಯಾಗಿ ಹಿಂಡಿದರೆ ಅಂಗಿಯೂ ಬೆಳಿಗ್ಗೆ ಹೊತ್ತಿಗೆ ಸಿದ್ಧ. ಹಾಗಾಗಿ ಎಂಟು ದಿನಕ್ಕೂ ಮೂರು ಅಂಗಿ ಸಾಕು.

ಮುಂದೆಂದಾದರೂ ಬೆನ್ನಿನ ಬ್ಯಾಗು ಕೊಳ್ಳಲೇಬೇಕಾದರೆ ಮೊದಲು ನೆಂಟರಿಷ್ಟರ ಅಟ್ಟ ಹುಡುಕಿ. ಸಿಗದಿದ್ದರೆ ಅಂಗಡಿಯಲ್ಲಿ ಬ್ಯಾಗನ್ನು ಒಳಗುಹೊರಗು ಮಾಡಿ ಭುಜದ ಪಟ್ಟಿ ಸೇರುವ ಜಾಗ ನೋಡಿ. ಅಲ್ಲಿ ಚೌಕದೊಳಗೆ X ಗುರುತು ಎಳೆದಂತೆ ಹೊಲಿಗೆ ಇರಬೇಕು. ಒಂದೇ ಸಾಲಿನ ಹೊಲಿಗೆಯಾದರೆ ಮೊದಲು ಕೀಳುವುದು ಅದೇ.

ಬ್ಯಾಗನ್ನು ಅಟ್ಟಕ್ಕೆ ಮಾತ್ರ ಹಾಕಬೇಡಿ. ಪ್ಲಾಸ್ಟಿಕ್ ಕವರ್‌ನಲ್ಲೂ ಕಟ್ಟಿಡಬೇಡಿ, ತೇವ ಒಳಗೇ ಉಳಿಯುತ್ತದೆ. ಹಳೇ ದಿನಪತ್ರಿಕೆ ತುರುಕಿ, ಜಿಪ್ಪು ಅರ್ಧ ತೆರೆದು, ಗೋಡೆಗೆ ತಾಗದಂತೆ ಮಂಚದ ಕೆಳಗೋ ಕಪಾಟಿನ ಮೇಲೋ ಇಡಿ. ಮಳೆ ಬಿಟ್ಟ ದಿನ ಜಗಲಿಯ ನೆರಳಿನಲ್ಲಿ ಗಾಳಿಗೆ ಹಾಕಿ. ನೇರ ಬಿಸಿಲು ಬೇಡ, ನೈಲಾನ್ ಪಟ್ಟಿಗಳು ಬಿಸಿಲಿಗೆ ಬಲ ಕಳೆದುಕೊಳ್ಳುತ್ತವೆ.