ವೀಸಾ ಇದೆಯೇ ಎಂದು ಗುಂಪು ಕೇಳಲಿಲ್ಲ

(ಬ್ರಿಟನ್ನಿನ ವಲಸೆ ವಿವಾದದ ಬಗ್ಗೆ ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ದಾವಣಗೆರೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದು ಅವರೇ ಕೇಳಿಕೊಂಡಿದ್ದಾರೆ. ಪತ್ರದ ಮುಖ್ಯ ಭಾಗ ಹೀಗಿದೆ: “ನನ್ನ ಮಗಳು ಇಂಗ್ಲೆಂಡಿನಲ್ಲಿ ನರ್ಸ್. ಪರೀಕ್ಷೆಗಳನ್ನು ಪಾಸು ಮಾಡಿ, ವೀಸಾ ಪಡೆದು ಹೋದವಳು. ರಬ್ಬರ್ ದೋಣಿಯಲ್ಲಿ ಕಡಲು ದಾಟಿ ಬಂದವರನ್ನೂ ಅವಳನ್ನೂ ನಿಮ್ಮ ಲೇಖಕರು ಒಂದೇ ತಕ್ಕಡಿಯಲ್ಲಿ ಇಟ್ಟಿದ್ದಾರೆ. ತನ್ನ ಸಂಸ್ಕೃತಿಯನ್ನು ಉಳಿಸಿಕೊಳ್ಳುವ ಹಕ್ಕು ಆ ದೇಶಕ್ಕೆ ಇಲ್ಲವೇ? ಬೆಂಗಳೂರಿಗೆ ಬಂದವರು ಕನ್ನಡ ಕಲಿಯಲಿ ಎಂದು ನೀವೇ ಬರೆಯುತ್ತೀರಿ. ಅದನ್ನೇ ಇಂಗ್ಲೆಂಡಿನವರು ಹೇಳಿದರೆ ಜನಾಂಗದ್ವೇಷವಾಗುತ್ತದೆಯೇ? ಈ ದೋಣಿಯವರಿಂದ ನ್ಯಾಯವಾಗಿ ಹೋದವರ ಹೆಸರೂ ಕೆಡುತ್ತಿದೆ.”)

ಮಾನ್ಯ ಮೇಷ್ಟರೇ, ನಮಸ್ಕಾರ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. 1948ರ ಜೂನ್‌ನಲ್ಲಿ ಕೆರಿಬಿಯನ್ ವಲಸಿಗರನ್ನು ಹೊತ್ತು ಇಂಗ್ಲೆಂಡಿನ ಟಿಲ್‌ಬರಿ ಬಂದರಿಗೆ ಬಂದ ಎಂಪೈರ್ ವಿಂಡ್‌ರಶ್ ಹಡಗಿನಲ್ಲಿ 492 ಜನರಿದ್ದರು ಎಂದು ನಮ್ಮಲ್ಲಿ ಅಚ್ಚಾಗಿತ್ತು. ಆ ಸಂಖ್ಯೆ ಎಲ್ಲ ಕಡೆ ಓಡಾಡುತ್ತದೆ, ಆದರೆ ಹಡಗಿನ ಪಟ್ಟಿಯಲ್ಲಿ ಇರುವುದು 1,027 ಪ್ರಯಾಣಿಕರು. ಅವರಲ್ಲಿ 802 ಜನ ಕೆರಿಬಿಯನ್ ದ್ವೀಪಗಳನ್ನು ತಾವು ಅದುವರೆಗೆ ನೆಲೆಸಿದ್ದ ಕಡೆ ಎಂದು ಬರೆಸಿದ್ದರು. ನೀವು ಎತ್ತಿ ತೋರಿಸದಿದ್ದರೆ ಹಾಗೆಯೇ ಉಳಿದುಬಿಡುತ್ತಿತ್ತು. ಕೃತಜ್ಞತೆಗಳು.

ಇನ್ನು ನಿಮ್ಮ ಪತ್ರದ ಹೊಟ್ಟೆಯಲ್ಲಿರುವ ಮಾತಿಗೆ ಬರುತ್ತೇನೆ. ನಿಮ್ಮ ಮಗಳು ನ್ಯಾಯವಾಗಿ ಹೋದವರು, ದೋಣಿಯವರು ಅನ್ಯಾಯವಾಗಿ ಬಂದವರು; ಈ ಎರಡನ್ನು ಬೇರೆ ಮಾಡಿದರೆ ನಿಮ್ಮ ಮಗಳು ಕ್ಷೇಮ ಎಂಬುದು ನಿಮ್ಮ ನಂಬಿಕೆ. ಒಬ್ಬ ತಂದೆಗೆ ಹಾಗೆ ಅನ್ನಿಸುವುದು ಸಹಜ. ಆದರೆ ಆ ನಂಬಿಕೆಯನ್ನು ನಾನು ಹಂಚಿಕೊಳ್ಳಲಾರೆ.

2024ರ ಜುಲೈ 29ರಂದು ಸೌತ್‌ಪೋರ್ಟ್ ಎಂಬ ಕಡಲ ತೀರದ ಊರಿನಲ್ಲಿ ಮಕ್ಕಳ ನೃತ್ಯ ತರಗತಿಗೆ ನುಗ್ಗಿದ ಹದಿನೇಳರ ಹುಡುಗನೊಬ್ಬ ಮೂವರು ಪುಟ್ಟ ಹೆಣ್ಣುಮಕ್ಕಳನ್ನು ಇರಿದು ಕೊಂದ. ಕೊಂದವನು ದೋಣಿಯಲ್ಲಿ ಬಂದ ನಿರಾಶ್ರಿತ ಎಂಬ ಸುಳ್ಳು ಕೆಲವೇ ಗಂಟೆಗಳಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ನಿಜವಾಗಿ ಅವನು ಹುಟ್ಟಿದ್ದು ವೇಲ್ಸ್‌ನ ಕಾರ್ಡಿಫ್‌ನಲ್ಲಿ. ಮರುದಿನವೇ ಆ ಊರಿನ ಮಸೀದಿಯ ಮೇಲೆ ದಾಳಿಯಾಯಿತು. ಆಮೇಲೆ ಒಂದು ವಾರ ಊರಿಂದೂರಿಗೆ ಗಲಭೆ ಹಬ್ಬಿತು. ಮಿಡಲ್ಸ್‌ಬರೋದಲ್ಲಿ ಗುಂಪೊಂದು ರಸ್ತೆಗೆ ಅಡ್ಡ ನಿಂತು, ಕಾರುಗಳನ್ನು ತಡೆದು, ನೀನು ಬಿಳಿಯನೇ, ಇಂಗ್ಲಿಷಿನವನೇ ಎಂದು ಕೇಳಿತು. ಸಂಡರ್‌ಲೆಂಡ್‌ನಲ್ಲಿ ಕೆಲಸಕ್ಕೆ ಹೊರಟಿದ್ದ ಇಬ್ಬರು ಫಿಲಿಪೀನ್ಸ್ ನರ್ಸ್‌ಗಳ ಮೇಲೆ ಕಲ್ಲು ತೂರಿದರು. ನಿಮ್ಮ ಮಗಳ ಹಾಗೆಯೇ ಅವರೂ ದುಡಿಯಲು ಹೋದವರು. ಕಲ್ಲು ಎತ್ತಿದವರು ಅವರ ಕೈಚೀಲದಲ್ಲಿ ಯಾವ ಕಾಗದ ಇದೆ ಎಂದು ನೋಡಲಿಲ್ಲ. ಮುಖ ನೋಡಿದರು, ಅಷ್ಟೇ.

ಅದು ಪುಂಡರ ಕೆಲಸ, ಸರ್ಕಾರದ್ದಲ್ಲ ಎಂದು ನೀವು ಹೇಳಬಹುದು. ಸರ್ಕಾರದ ಕಾಗದಗಳ ಕಥೆಯನ್ನೂ ಹೇಳುತ್ತೇನೆ. 1960ರ ದಶಕದಲ್ಲಿ ಕೀನ್ಯಾದಲ್ಲಿದ್ದ ಅನೇಕ ಭಾರತೀಯರ ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಇತ್ತು. ಅಲ್ಲಿ ಬದುಕು ಕಷ್ಟವಾದಾಗ ಅವರು ಅದನ್ನು ಹಿಡಿದು ಲಂಡನ್ನಿಗೆ ಬರತೊಡಗಿದರು. ಬಂದವರು ಹೆಚ್ಚಾದರು ಎಂಬ ಕೂಗು ಎದ್ದ ಕೂಡಲೇ, 1968ರಲ್ಲಿ, ಬ್ರಿಟಿಷ್ ಸಂಸತ್ತು ಮೂರೇ ದಿನಗಳಲ್ಲಿ ಒಂದು ಕಾಯ್ದೆಯನ್ನು ಅಂಗೀಕರಿಸಿತು. ಪಾಸ್‌ಪೋರ್ಟ್ ಇದ್ದರೆ ಸಾಲದು, ತಂದೆಯೋ ತಾಯಿಯೋ ಅಜ್ಜನೋ ಅಜ್ಜಿಯೋ ಬ್ರಿಟನ್ನಿನಲ್ಲಿ ಹುಟ್ಟಿರಬೇಕು ಎಂಬುದು ಅದರ ತಿರುಳು. ಯಾರ ಅಜ್ಜ ಅಲ್ಲಿ ಹುಟ್ಟಿರುತ್ತಾನೆ, ಯಾರ ಅಜ್ಜ ಹುಟ್ಟಿರುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆ ಮಸೂದೆಯನ್ನು ತಂದದ್ದು ಕಾರ್ಮಿಕರ ಪಕ್ಷವೆನಿಸಿದ ಲೇಬರ್ ಪಕ್ಷದ ಸರ್ಕಾರ. ಗೃಹ ಸಚಿವರಾಗಿದ್ದವರು ಜೇಮ್ಸ್ ಕ್ಯಾಲಹನ್. ಇದು ಆಗಿ ಎರಡು ತಿಂಗಳೊಳಗೆ ಕನ್ಸರ್ವೇಟಿವ್ ಪಕ್ಷದ ಸಂಸದ ಈನಾಕ್ ಪೊವೆಲ್ ಬರ್ಮಿಂಗ್‌ಹ್ಯಾಮ್‌ನಲ್ಲಿ ವಲಸಿಗರ ವಿರುದ್ಧ ತಮ್ಮ ಕುಖ್ಯಾತ ಭಾಷಣ ಮಾಡಿದರು. ಪೊವೆಲ್ ಹೆಸರು ಎಲ್ಲರಿಗೂ ನೆನಪಿದೆ. ಆ ಕಾಯ್ದೆಯನ್ನು ನೆನಪಿಟ್ಟವರು ಕಡಿಮೆ.

1972ರಲ್ಲಿ ಇದಿ ಅಮೀನ್ ಉಗಾಂಡಾದ ಏಷ್ಯನ್ನರಿಗೆ ತೊಂಬತ್ತು ದಿನಗಳ ಗಡುವು ಕೊಟ್ಟು ಹೊರಡಿ ಎಂದಾಗ, ಬ್ರಿಟನ್ ಸುಮಾರು 27 ಸಾವಿರ ಜನರನ್ನು ಸೇರಿಸಿಕೊಂಡಿತು. ಅದಕ್ಕಾಗಿ ಪ್ರಧಾನಿ ಹೀತ್ ಅವರನ್ನು ಮೆಚ್ಚಬೇಕು. ಅವರ ಪಕ್ಷದಲ್ಲೇ ವಿರೋಧ ಇತ್ತು. ಆಗ ಲೆಸ್ಟರ್ ನಗರಸಭೆ ಏನು ಮಾಡಿತು ಗೊತ್ತೇ? ‘ಉಗಾಂಡಾ ಆರ್ಗಸ್’ ಪತ್ರಿಕೆಗೆ ದುಡ್ಡು ಕೊಟ್ಟು ಜಾಹೀರಾತು ಹಾಕಿಸಿತು. ನಮ್ಮಲ್ಲಿ ಮನೆಗಳಿಗಾಗಿ ಜನ ಸಾಲುಗಟ್ಟಿ ಕಾದಿದ್ದಾರೆ, ಶಾಲೆಗಳಲ್ಲಿ ಜಾಗವಿಲ್ಲ, ಆಸ್ಪತ್ರೆಗಳಿಗೆ ಹೊರೆ ಹೆಚ್ಚಾಗಿದೆ, ನಿಮ್ಮ ಮತ್ತು ನಿಮ್ಮ ಕುಟುಂಬದ ಹಿತಕ್ಕಾಗಿ ಲೆಸ್ಟರ್‌ಗೆ ಬರಬೇಡಿ ಎಂಬುದು ಅದರ ಸಾರ. ಆ ಪತ್ರಿಕೆಯನ್ನು ಕಂಪಾಲಾದ ಮನೆಯೊಂದರಲ್ಲಿ, ಅರ್ಧ ಕಟ್ಟಿದ ಪೆಟ್ಟಿಗೆಯ ಪಕ್ಕ ಕುಳಿತು ಓದಿದವರನ್ನು ನೆನೆಸಿಕೊಳ್ಳಿ. ಅವರಲ್ಲಿ ಬಹಳಷ್ಟು ಜನ ಬ್ರಿಟಿಷ್ ಪಾಸ್‌ಪೋರ್ಟ್ ಉಳ್ಳವರು. ದೋಣಿಯಲ್ಲಿ ಹೊರಟವರಲ್ಲ. ಆದರೂ ಬಂದರು, ಲೆಸ್ಟರ್‌ಗೇ ಬಂದರು. ಇಂದು ಅದೇ ನಗರದ ಬೆಲ್‌ಗ್ರೇವ್ ರಸ್ತೆಯ ದೀಪಾವಳಿಯನ್ನು ನಗರಸಭೆಯೇ ಹೆಮ್ಮೆಯಿಂದ ತನ್ನದು ಎಂದು ಹೇಳಿಕೊಳ್ಳುತ್ತದೆ.

ಹೀಗಾಗಿ ಮೇಷ್ಟರೇ, ನ್ಯಾಯವಾಗಿ ಬಂದವರು ಯಾರು ಎಂಬ ಗೆರೆ ಕಲ್ಲಿನ ಮೇಲೆ ಕೊರೆದದ್ದಲ್ಲ. ಅದು ಈಗಲೂ ಸರಿಯುತ್ತಿದೆ. ಐದು ವರ್ಷ ದುಡಿದರೆ ಸಿಗುತ್ತಿದ್ದ ಕಾಯಂ ವಾಸದ ಹಕ್ಕಿಗೆ ಸಾಮಾನ್ಯವಾಗಿ ಹತ್ತು ವರ್ಷ ಕಾಯಬೇಕು ಎಂಬ ಪ್ರಸ್ತಾವವನ್ನು ಬ್ರಿಟಿಷ್ ಸರ್ಕಾರ 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಮುಂದಿಟ್ಟಿತು. ವೃದ್ಧರ ಆರೈಕೆಗೆಂದು 2022ರಲ್ಲಿ ಹೊರದೇಶದವರನ್ನು ಕರೆದವರೇ 2024ರ ಮಾರ್ಚ್‌ನಲ್ಲಿ, ಇನ್ನು ಮುಂದೆ ಬರುವವರು ಗಂಡ-ಹೆಂಡತಿ-ಮಕ್ಕಳನ್ನು ಕರೆತರುವಂತಿಲ್ಲ ಎಂದರು. 2025ರ ಜುಲೈನಲ್ಲಿ, ಅವರ ನಂತರ ಬಂದ ಲೇಬರ್ ಸರ್ಕಾರ ಆ ನೇಮಕಾತಿಯ ಬಾಗಿಲನ್ನೇ ಮುಚ್ಚಿತು. ಇವರಲ್ಲಿ ಯಾರೂ ರಬ್ಬರ್ ದೋಣಿ ಹತ್ತಿದವರಲ್ಲ. ಸಂಖ್ಯೆಯ ಮಾತು ಬಂದರೂ ಅಷ್ಟೇ. 2024ರಲ್ಲಿ ದೋಣಿಗಳಲ್ಲಿ ದಾಟಿದವರು ಸುಮಾರು 37 ಸಾವಿರ. ಆ ವರ್ಷ ಬ್ರಿಟನ್ನಿಗೆ ಬಂದ ಲಕ್ಷಾಂತರ ಜನರಲ್ಲಿ ಬಹುಪಾಲು ವೀಸಾ ಹಿಡಿದೇ ಬಂದವರು. 2021ರ ಜನಗಣತಿಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೊರದೇಶದಲ್ಲಿ ಹುಟ್ಟಿದವರ ಪೈಕಿ ಮೊದಲ ಸ್ಥಾನ ಭಾರತದವರದ್ದು; ಒಂಬತ್ತು ಲಕ್ಷಕ್ಕೂ ಹೆಚ್ಚು ಮಂದಿ. ಸಂಖ್ಯೆ ಹೆಚ್ಚಾಯಿತು ಎಂದು ಯಾರಾದರೂ ಅಲ್ಲಿ ಕೂಗಿದರೆ, ಆ ಸಂಖ್ಯೆಯಲ್ಲಿ ಎದ್ದು ಕಾಣುವುದು ನಮ್ಮ ಮಕ್ಕಳೇ.

ದೋಣಿಯವರು ವೀಸಾ ಪಡೆದು ಬರಬಾರದೇ ಎಂದು ಕೇಳಿದ್ದೀರಿ. ಬರುವಂತಿದ್ದರೆ ಬರುತ್ತಿದ್ದರು. ಬ್ರಿಟನ್ನಿನಲ್ಲಿ ಆಶ್ರಯ ಕೋರಬೇಕಾದರೆ ಮೊದಲು ಆ ನೆಲದ ಮೇಲೆ ಕಾಲಿಟ್ಟಿರಬೇಕು. ಆದರೆ ಆಶ್ರಯ ಕೇಳಲು ಬರುತ್ತೇನೆ ಎಂದರೆ ಕೊಡುವಂಥ ವೀಸಾ ಯಾವ ರಾಯಭಾರ ಕಚೇರಿಯಲ್ಲೂ ಇಲ್ಲ. ಉಕ್ರೇನಿನವರಿಗೆ, ಹಾಂಗ್‌ಕಾಂಗ್‌ನವರಿಗೆ ವಿಶೇಷ ದಾರಿ ತೆರೆದರು. ಅವರು ವಿಮಾನದಲ್ಲಿ ಬಂದಿಳಿದರು. ಸುಡಾನಿನವನಿಗೆ, ಎರಿಟ್ರಿಯಾದವಳಿಗೆ ಅಂಥ ದಾರಿ ಇಲ್ಲ. ಅದಕ್ಕೇ ಫ್ರಾನ್ಸಿಗೂ ಇಂಗ್ಲೆಂಡಿಗೂ ನಡುವಿನ ಕಡಲು. 2021ರ ನವೆಂಬರ್ 24ರಂದು ಒಂದೇ ದೋಣಿಯ ಕನಿಷ್ಠ 27 ಜನ ಆ ಕಡಲಿನಲ್ಲಿ ಸತ್ತರು. ದಾಟಿ ಬಂದವರಿಗೂ ಅರ್ಜಿ ಇತ್ಯರ್ಥವಾಗುವ ತನಕ ದುಡಿಯುವ ಅನುಮತಿ ಸಾಮಾನ್ಯವಾಗಿ ಸಿಗುವುದಿಲ್ಲ. ಊಟ ಕೊಡುವ ಹೋಟೆಲಿನಲ್ಲಿ ಇರಿಸಿದರೆ 2025ರಲ್ಲಿ ಕೈಗೆ ಸಿಗುತ್ತಿದ್ದದ್ದು ವಾರಕ್ಕೆ ಹತ್ತು ಪೌಂಡಿಗೂ ಕಡಿಮೆ. ದುಡಿಯಲು ಬಿಡದೆ ಕೂರಿಸಿ, ಕುಳಿತು ತಿನ್ನುತ್ತಾರೆ ಎನ್ನುವುದು ನನಗೆ ಸಹಿಸಲಾಗದ ಮಾತು. ಗಡಿ ಕಾಯುವುದು ಬೇಡ ಎಂದು ನಾನು ಹೇಳುವುದಿಲ್ಲ. ಯಾರ ಅರ್ಜಿ ನಿಜ, ಯಾರದು ಸುಳ್ಳು ಎಂದು ಬೇಗ ತೀರ್ಮಾನಿಸಿ, ಸುಳ್ಳಿನವರನ್ನು ಹಿಂದೆ ಕಳುಹಿಸಲಿ. ಅದು ಸರ್ಕಾರದ ಕೆಲಸ, ಮಾಡಲೇಬೇಕಾದ ಕೆಲಸ.

ಅಲ್ಲಿಯ ಸಿಟ್ಟೆಲ್ಲ ಸುಳ್ಳು ಎಂದೂ ನಾನು ಹೇಳುವವನಲ್ಲ. ನೀವು ರಾದರಮ್ ಪಟ್ಟಣದ ಹೆಸರು ಎತ್ತಿದ್ದೀರಿ. 1997ರಿಂದ 2013ರವರೆಗೆ ಅಲ್ಲಿ ಸುಮಾರು 1,400 ಮಕ್ಕಳು ಲೈಂಗಿಕ ಶೋಷಣೆಗೆ ಒಳಗಾದರು ಎಂದು 2014ರಲ್ಲಿ ಸ್ವತಂತ್ರ ತನಿಖೆ ನಡೆಸಿದ ಅಲೆಕ್ಸಿಸ್ ಜೇ ಅವರ ವರದಿ ಅಂದಾಜು ಮಾಡಿತು. ಗುರುತು ಸಿಕ್ಕ ದುಷ್ಕರ್ಮಿಗಳಲ್ಲಿ ಹೆಚ್ಚಿನವರು ಪಾಕಿಸ್ತಾನಿ ಮೂಲದವರು ಎಂದು ಅದೇ ವರದಿ ಹೇಳಿತು. ಜನಾಂಗದ್ವೇಷಿ ಅನ್ನಿಸಿಕೊಳ್ಳುವ ಭಯದಿಂದ ಕೆಲವು ಅಧಿಕಾರಿಗಳು ಅದನ್ನು ಬಾಯಿಬಿಟ್ಟು ಹೇಳಲು ಹಿಂಜರಿದರು. ಬಡಮನೆಯ ಆ ಹುಡುಗಿಯರ ಮಾತಿಗೆ ಪೊಲೀಸರು ಬೆಲೆಯನ್ನೇ ಕೊಡಲಿಲ್ಲ. ಇದು ಘೋರ. ಸೌಹಾರ್ದದ ಹೆಸರಿನಲ್ಲಿ ಮೌನವಾಗಿದ್ದವರು ಸೌಹಾರ್ದಕ್ಕೇ ದ್ರೋಹ ಮಾಡಿದರು. ನಮ್ಮ ಲೇಖನದಲ್ಲಿ ಈ ವಿಷಯದ ಒಂದು ಸಾಲೂ ಇರಲಿಲ್ಲ, ಇರಬೇಕಿತ್ತು.

ಆದರೆ ಅದೇ ರಾದರಮ್ ಬಳಿಯ ಮ್ಯಾನ್ವರ್ಸ್‌ಗೆ ಬನ್ನಿ. ಹಿಂದೆ ಅಲ್ಲಿ ದೊಡ್ಡ ಕಲ್ಲಿದ್ದಲ ಗಣಿ ಇತ್ತು. 1988ರಲ್ಲಿ ಅದು ಮುಚ್ಚಿತು. ತಾತ, ಅಪ್ಪ ಗಣಿಗೆ ಇಳಿದ ಮನೆಗಳಲ್ಲಿ ಮೊಮ್ಮಗನಿಗೆ ಇಳಿಯಲು ಗಣಿಯೇ ಉಳಿಯಲಿಲ್ಲ. ಆ ಪ್ರದೇಶದಲ್ಲಿ ಆಮೇಲೆ ಎದ್ದ ಕಟ್ಟಡಗಳಲ್ಲಿ ಒಂದು ಹೋಟೆಲೂ ಇದೆ. 2024ರ ಆಗಸ್ಟ್ 4ರಂದು ಅದರಲ್ಲಿ ಇನ್ನೂರಕ್ಕೂ ಹೆಚ್ಚು ಆಶ್ರಯಾಕಾಂಕ್ಷಿಗಳಿದ್ದರು. ನೂರಾರು ಜನ ಮುತ್ತಿದರು, ಕಿಟಕಿ ಒಡೆದರು, ಕಸದ ಡಬ್ಬಿಯೊಂದನ್ನು ಬಾಗಿಲಿಗೆ ಅಡ್ಡ ತಳ್ಳಿ ಬೆಂಕಿ ಹಚ್ಚಿದರು. ಹೊಗೆ ಒಳಗೆ ನುಗ್ಗಿತು. ಒಳಗಿದ್ದವರು ಗಣಿ ಮುಚ್ಚಿದವರಲ್ಲ, ಆ ಹುಡುಗಿಯರನ್ನು ಕೆಡಿಸಿದವರೂ ಅಲ್ಲ. ಗಣಿಗಾರರ ಮೊಮ್ಮಕ್ಕಳ ಸಂಕಟ ನಿಜ. ಅದನ್ನು ಕೇಳಬೇಕಾದವರು ವರ್ಷಗಟ್ಟಲೆ ಕೇಳಲಿಲ್ಲ, ನಿಮ್ಮ ಸಂಕಟಕ್ಕೆಲ್ಲ ಈ ಹೋಟೆಲಿನಲ್ಲಿರುವವರೇ ಕಾರಣ ಎಂದು ಹೇಳಲು ಮಾತ್ರ ರಾಜಕಾರಣಿಗಳು ಬಂದರು. ನನ್ನ ತಕರಾರು ಇರುವುದು ಇಲ್ಲಿ.

ನಮ್ಮವರೇ ಗೃಹ ಸಚಿವರಾಗಿ ಬಿಗಿ ಕಾನೂನು ತಂದಿದ್ದಾರಲ್ಲ ಎಂದೂ ಬರೆದಿದ್ದೀರಿ. ಹೌದು. ಉಗಾಂಡಾದ ಗುಜರಾತಿ ದಂಪತಿಯ ಮಗಳಾದ ಪ್ರೀತಿ ಪಟೇಲ್ ಅವರ ಕಾಲದಲ್ಲೇ, 2022ರ ಏಪ್ರಿಲ್‌ನಲ್ಲಿ, ನಿರಾಶ್ರಿತರನ್ನು ರುವಾಂಡಾಕ್ಕೆ ಸಾಗಿಸುವ ಯೋಜನೆ ಹುಟ್ಟಿತು; ಮರುವರ್ಷ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅದು ಕಾನೂನುಬಾಹಿರ ಎಂದಿತು. ಕಾನೂನು ಸರಿಯೋ ತಪ್ಪೋ ಎಂಬುದನ್ನು ತಂದವರ ಮೈಬಣ್ಣ ಹೇಳುವುದಿಲ್ಲ.

ಈಗ ಸಂಸ್ಕೃತಿಯ ಪ್ರಶ್ನೆ. ಕೆಲವು ವರ್ಷಗಳ ಹಿಂದೆ ಲಂಡನ್ನಿಗೆ ಹೋಗಿದ್ದಾಗ ಬ್ರಿಕ್ ಲೇನ್ ಎಂಬ ಬೀದಿಯ ಮೂಲೆಯಲ್ಲಿ ಇಟ್ಟಿಗೆಯ ಹಳೆಯ ಕಟ್ಟಡವೊಂದರ ಮುಂದೆ ಬಹಳ ಹೊತ್ತು ನಿಂತಿದ್ದೆ. ಅದನ್ನು ಕಟ್ಟಿದ್ದು 1743ರಲ್ಲಿ, ಫ್ರಾನ್ಸಿನಿಂದ ಧರ್ಮದ ಕಾರಣಕ್ಕೆ ಓಡಿಬಂದ ಹ್ಯೂಗೆನಾಟ್ ಎಂಬ ಪ್ರಾಟೆಸ್ಟಂಟರು, ತಮ್ಮ ಪ್ರಾರ್ಥನೆಗಾಗಿ. ಇಂಗ್ಲಿಷಿನಲ್ಲಿ ‘ರೆಫ್ಯೂಜಿ’ ಎಂಬ ಪದ ನೆಲೆಯಾದದ್ದೇ ಅವರಿಂದ. ಆ ಬಡಾವಣೆಯಲ್ಲಿ ಅವರು ರೇಷ್ಮೆ ನೇಯುತ್ತಿದ್ದರು. ಮುಂದೆ ಅದು ಮೆಥಡಿಸ್ಟ್ ಚರ್ಚ್ ಆಯಿತು. 1898ರಲ್ಲಿ, ರಷ್ಯಾದ ಕಡೆಯಿಂದ ತಪ್ಪಿಸಿಕೊಂಡು ಬಂದ ಯಹೂದಿಗಳ ಪ್ರಾರ್ಥನಾ ಮಂದಿರ, ಸಿನಗಾಗ್ ಆಯಿತು. 1976ರಿಂದ ಅದು ಬಾಂಗ್ಲಾದೇಶೀಯರ ಮಸೀದಿ. ಗೋಡೆಯ ಮೇಲೆ, ಎತ್ತರದಲ್ಲಿ, ಒಂದು ನೆರಳು ಗಡಿಯಾರವಿದೆ. ಅದರಲ್ಲಿ ಕಟ್ಟಿದ ವರ್ಷ ಮತ್ತು ಲ್ಯಾಟಿನ್ನಿನ ಎರಡು ಪದಗಳು: ‘ಉಂಬ್ರಾ ಸುಮುಸ್’, ಅಂದರೆ ‘ನಾವು ನೆರಳು’. ಪ್ರಾರ್ಥನೆ ಮೂರು ಸಲ ಬದಲಾಯಿತು, ಆ ಗಡಿಯಾರವನ್ನು ಯಾರೂ ಕೀಳಲಿಲ್ಲ. ಆದರೆ ಒಂದನ್ನು ಮರೆಯಬಾರದು: ಆ ಯಹೂದಿಗಳು ಬಂದಾಗಲೂ ಇಂಗ್ಲಿಷ್ ಬದುಕು ಹಾಳಾಯಿತು ಎಂಬ ಕೂಗು ಎದ್ದಿತ್ತು. 1905ರ ಏಲಿಯನ್ಸ್ ಕಾಯ್ದೆ ಬಂದದ್ದು ಅವರನ್ನು ತಡೆಯುವ ಸಲುವಾಗಿ. ಬ್ರಿಟನ್ನಿನ ಸಂಸ್ಕೃತಿ ಯಾವುದು ಎಂದು ನನ್ನನ್ನು ಕೇಳಿದರೆ ಆ ಕಟ್ಟಡವನ್ನೂ ತೋರಿಸುತ್ತೇನೆ, ಆ ಕಾಯ್ದೆಯನ್ನೂ ತೋರಿಸುತ್ತೇನೆ. ಎರಡೂ ಅವರವೇ. ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದೇ ಅಲ್ಲಿಯ ಜಗಳ.

ಕನ್ನಡದ ಮಾತು. ಇಲ್ಲಿಗೆ ಬಂದವರು ಕನ್ನಡ ಕಲಿಯಬೇಕು ಎಂಬ ನನ್ನ ಮಾತಿನಿಂದ ಒಂದಿಂಚೂ ಹಿಂದೆ ಸರಿಯುವುದಿಲ್ಲ. ಬ್ರಿಟನ್ನಿನಲ್ಲಿ ನೆಲೆಸಿದವರು ಇಂಗ್ಲಿಷ್ ಕಲಿಯಬೇಕು ಎಂಬುದೂ ಅಷ್ಟೇ ನ್ಯಾಯ. ಅದು ಜನಾಂಗದ್ವೇಷವಲ್ಲ. ಆದರೆ ಅಲ್ಲಿ ಕಲಿಯದೆ ಉಳಿದವರೆಷ್ಟು? 2021ರ ಜನಗಣತಿಯಲ್ಲಿ ಇಂಗ್ಲಿಷ್ ಚೆನ್ನಾಗಿ ಬಾರದವರು, ಒಂದಿಷ್ಟೂ ಬಾರದವರು ಎಲ್ಲ ಸೇರಿ ನೂರಕ್ಕೆ ಇಬ್ಬರಿಗಿಂತ ಕಡಿಮೆ. ಕಲಿಯಲು ಬಯಸುವವರ ತರಗತಿಗಳಿಗೆ ಕೊಡುತ್ತಿದ್ದ ಅನುದಾನವನ್ನು 2010ರ ನಂತರ ಸರ್ಕಾರವೇ ಕತ್ತರಿಸಿತು. ಭಾಷೆ ಕಲಿ ಎನ್ನುವುದು ಬೇರೆ, ನೀನು ಎಷ್ಟು ಕಲಿತರೂ ನಮ್ಮವನಲ್ಲ ಎನ್ನುವುದು ಬೇರೆ. ಮಿಡಲ್ಸ್‌ಬರೋದ ರಸ್ತೆಯಲ್ಲಿ ಯಾರೂ ಇಂಗ್ಲಿಷ್ ಬರುತ್ತದೆಯೇ ಎಂದು ಕೇಳಲಿಲ್ಲ. ಬೆಂಗಳೂರಿನಲ್ಲಿ ಯಾರಾದರೂ ಕನ್ನಡ ಕಲಿಸುವ ನೆಪದಲ್ಲಿ ಬಡ ಕೂಲಿಕಾರನ ಮೇಲೆ ಕೈಮಾಡಿದರೆ ಇದೇ ಪುಟದಲ್ಲಿ, ಇದೇ ಸಿಟ್ಟಿನಿಂದ ಬರೆಯುತ್ತೇನೆ.

ಪತ್ರದ ಕೊನೆಯಲ್ಲಿ ನೀವು, ಬಹುಶಃ ಬರೆಯಬೇಕೆಂದು ಅಂದುಕೊಳ್ಳದೆಯೇ, ಒಂದು ಸಾಲು ಬರೆದಿದ್ದೀರಿ: ಆ ಆಗಸ್ಟ್‌ನಲ್ಲಿ ಮಗಳು ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲಿ ಬರಲು ಹೆದರಿ, ವಾರ್ಡಿನ ಹಿರಿಯ ನರ್ಸ್ ಒಬ್ಬರು, ಯಾರ್ಕ್‌ಷೈರಿನ ಇಂಗ್ಲಿಷ್ ಹೆಂಗಸು, ತಮ್ಮ ಕಾರಿನಲ್ಲಿ ದಿನವೂ ಮನೆಗೆ ಬಿಡುತ್ತಿದ್ದರು ಎಂದು. ನಾಲ್ಕು ಪುಟಗಳಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಆ ಸಾಲನ್ನು. ಸಂಕ್ರಾಂತಿಗೆ ಮಗಳು ಊರಿಗೆ ಬರುತ್ತಾರೆ ಎಂದಿದ್ದೀರಿ. ಬಿಡುವಾದರೆ ನಮ್ಮ ಕಚೇರಿಗೂ ಕರೆದುಕೊಂಡು ಬನ್ನಿ. ಆ ವಾರ ಹೇಗಿತ್ತು, ಕಾರಿನಲ್ಲಿ ಇಬ್ಬರೂ ಏನು ಮಾತನಾಡಿಕೊಂಡರು ಎಂಬುದನ್ನು ಅವರೇ ಬರೆದುಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ.

ನಿಮ್ಮ ವಿಶ್ವಾಸಿ,
ಸಂಪಾದಕ