ಕೋರ್ಟ್ ಬಿಟ್ಟರೂ ಬೋರ್ಡ್ ಯಾಕೆ ಬಿಡಲ್ಲ?

ಮೈದಾನದ ಹೊರಗಿನ ಗಲಾಟೆಗೆ ಕ್ರಿಕೆಟ್ ಆಟಗಾರನನ್ನು ತಂಡದಿಂದ ಹೊರಗೆ ಯಾಕೆ ಕೂರಿಸಬೇಕು ಅಂತ ಕೇಳಿದ್ದೀರಿ. ಕಲಬುರಗಿಯ ಎನ್.ವಿ. ಮೈದಾನಕ್ಕೆ ಸಂಜೆ ಪ್ರಾಕ್ಟೀಸ್‌ಗೆ ಬರುವ ಹುಡುಗರೂ ಇದನ್ನೇ ಕೇಳುತ್ತಾರೆ.

ಕೋರ್ಟ್ ನೋಡೋದು ಅಪರಾಧ ಸಾಬೀತಾಯ್ತಾ ಅಂತ. ಕ್ರಿಕೆಟ್ ಬೋರ್ಡ್ ನೋಡೋದು ಆಟಗಾರ ಒಪ್ಪಿಕೊಂಡ ನಿಯಮವನ್ನ. ಆಟದ ಹೆಸರು ಕೆಡಿಸಬಾರದು ಅಂತ ಅದರಲ್ಲಿ ಇರುತ್ತದೆ. ಇಂಗ್ಲೆಂಡ್ ಆಟಗಾರ ಬೆನ್ ಸ್ಟೋಕ್ಸ್ ವಿಷಯವನ್ನೇ ತಗೊಳ್ಳಿ. 2017ರ ಸೆಪ್ಟೆಂಬರ್‌ನಲ್ಲಿ ಬ್ರಿಸ್ಟಲ್‌ನ ನೈಟ್‌ಕ್ಲಬ್ ಹೊರಗೆ ಹೊಡೆದಾಟ ಆಯಿತು. ಅದರಿಂದ ಆಸ್ಟ್ರೇಲಿಯಾದಲ್ಲಿ ನಡೆದ ಆಶಸ್, ಅಂದ್ರೆ ಇಂಗ್ಲೆಂಡ್-ಆಸ್ಟ್ರೇಲಿಯಾ ಟೆಸ್ಟ್ ಸರಣಿ, ಅವರಿಗೆ ಪೂರ್ತಿ ಕೈತಪ್ಪಿತು. 2018ರ ಆಗಸ್ಟ್‌ನಲ್ಲಿ ಕೋರ್ಟ್ ಅವರನ್ನು ಖುಲಾಸೆ ಮಾಡಿತು. ಆದರೂ ಡಿಸೆಂಬರ್‌ನಲ್ಲಿ ಅಲ್ಲಿನ ಕ್ರಿಕೆಟ್ ಶಿಸ್ತು ಆಯೋಗ 30,000 ಪೌಂಡ್ ದಂಡ, 8 ಪಂದ್ಯಗಳ ನಿಷೇಧ ಹಾಕಿತು. ಅಷ್ಟರಲ್ಲೇ ತಪ್ಪಿಹೋಗಿದ್ದ ಪಂದ್ಯಗಳನ್ನು ಆ ಲೆಕ್ಕಕ್ಕೆ ಹಿಡಿದರು. ನನಗಂತೂ ಅದು ನ್ಯಾಯ ಅನಿಸುತ್ತದೆ.

ನಮ್ಮ ಕೆ.ಎಲ್. ರಾಹುಲ್, ಹಾರ್ದಿಕ್ ಪಾಂಡ್ಯ ಹೊಡೆದಾಡಿರಲಿಲ್ಲ. ಟಿವಿ ಶೋನಲ್ಲಿ ಆಡಿದ ಹಗುರ ಮಾತಿಗೇ 2019ರಲ್ಲಿ ಆಸ್ಟ್ರೇಲಿಯಾದಿಂದ ವಾಪಸ್ ಬರಬೇಕಾಯ್ತು. ಆಮೇಲೆ ತಲಾ 20 ಲಕ್ಷ ರೂಪಾಯಿ ದಂಡ ಬೇರೆ. ಅದರಲ್ಲಿ ಅರ್ಧ ಹಣ ಕರ್ತವ್ಯದಲ್ಲಿ ಮಡಿದ 10 ಅರೆಸೇನಾ ಕಾನ್‌ಸ್ಟೆಬಲ್‌ಗಳ ಮನೆಯವರಿಗೆ, ಇನ್ನರ್ಧ ಅಂಧರ ಕ್ರಿಕೆಟ್‌ಗೆ.

ಲೀಗ್ ಆಡೋ ಹುಡುಗರೇ, ಫಾರ್ಮ್‌ಗೆ ಸುಮ್ನೆ ಸಹಿ ಹಾಕಬೇಡಿ. ನಡತೆಯ ನಿಯಮ ಇಂಗ್ಲಿಷ್‌ನಲ್ಲಿದ್ದರೆ ಕೋಚ್ ಹತ್ತಿರ ಕೂತು ಓದಿಸಿಕೊಳ್ಳಿ.